ಪ್ರತಿ: ಓದುಗರ ಬಳಿ ಇದೆ

ಕೊಕ್ಕೆಯಿಂದ ಕಬ್ಬಿಣದ ಮುಚ್ಚಳ ಎತ್ತುವುದು, ಮೊಣಕಾಲೂರಿ ಬಗ್ಗುವುದು, ಗಾಜನ್ನು ಬಟ್ಟೆಯಿಂದ ಒರೆಸುವುದು, ಒಳಗೆ ಕಂಡ ಅಂಕಿಯನ್ನು ಕಂಡ ಹಾಗೆಯೇ ಬರೆದುಕೊಳ್ಳುವುದು, ಎದ್ದು ಮುಂದಿನ ಮನೆಗೆ ಹೋಗುವುದು. ನೀರು ಸರಬರಾಜು ಕಚೇರಿಯ ಮೀಟರಣ್ಣನಿಗೆ ಭಗವಂತ ಒಪ್ಪಿಸಿದ ಕೆಲಸ ಇಷ್ಟೇ. ಇಪ್ಪತ್ತಾರು ವರ್ಷಗಳಿಂದ ಅವನು ಅದನ್ನು ಪೂಜೆಯ ಹಾಗೆ ಮಾಡಿಕೊಂಡು ಬಂದಿದ್ದ. ಆ ಕಚೇರಿಯಲ್ಲಿ ಪಾಪಗಳು ಹಲವಿದ್ದರೂ ಮಹಾಪಾಪ ಒಂದೇ: ಮುಚ್ಚಳ ಎತ್ತದೆ, ಚಹಾ ಅಂಗಡಿಯಲ್ಲಿ ಕೂತು, ಅಂದಾಜಿಗೆ ರೀಡಿಂಗ್ ಬರೆಯುವುದು. ಆ ಪಾಪ ಮಾಡಿದವರು ಇಬ್ಬರಿದ್ದರು. ಒಬ್ಬನಿಗೆ ವರ್ಗವಾಯಿತು, ಇನ್ನೊಬ್ಬನಿಗೆ ಬಡ್ತಿಯಾಯಿತು. ಮೀಟರಣ್ಣ ಪಾಪ ಮಾಡಲಿಲ್ಲವಾದ್ದರಿಂದ ಅವನಿಗೆ ಎರಡೂ ಆಗಲಿಲ್ಲ.

ಮುಚ್ಚಳದ ಹೊರಗಿನ ಲೋಕದಲ್ಲಿ ಮಾತ್ರ ಅವನಿಗೆ ಸ್ವಲ್ಪ ಗಲಿಬಿಲಿ. ಒಮ್ಮೆ ಕೆಲಸ ಮುಗಿಸಿ ಮನೆಗೆ ಬಂದವನು ಕಾಲು ತೊಳೆದು, ಕುರ್ಚಿಯಲ್ಲಿ ಕೂತು, ಚಹಾ ತರಿಸಿಕೊಂಡು ಕುಡಿದು, "ಸಕ್ಕರೆ ಕಮ್ಮಿ" ಅಂದ. ಎದುರು ಕೂತಿದ್ದ ನಿವೃತ್ತ ಹೆಡ್‌ಮೇಷ್ಟ್ರು ಮುಖದ ಮುಂದಿನ ಪತ್ರಿಕೆ ಇಳಿಸಿ, "ನಿಮ್ಮನೇಲಿ ಜಾಸ್ತಿ ಹಾಕ್ತಾರೇನೋ, ಹೋಗಿ ನೋಡಯ್ಯಾ. ನಿಮ್ಮನೆ ಪಕ್ಕದ್ದು" ಅಂದರು.

ಇಂಥ ಮೀಟರಣ್ಣನ ಹೆಂಡತಿಗೆ ಒಂದು ಕೊರಗಿತ್ತು. ಎರಡು ವರ್ಷದ ಹಿಂದೆ ಅಕ್ಕನ ಮನೆಗೆ ಹೋದಾಗ ಅವಳೊಂದು ದಪ್ಪ ಕಾದಂಬರಿ ಹಿಡಿದಳು. ಅದರಲ್ಲಿ ಜಗಳವಾಡಿಕೊಂಡು ಮನೆ ಬಿಟ್ಟ ಅಣ್ಣನಿಗಾಗಿ ತಂಗಿ ಹನ್ನೆರಡು ವರ್ಷ ನದಿ ದಂಡೆಯಲ್ಲಿ ಕಾಯುತ್ತಾಳೆ. ಇನ್ನೂರ ಎಂಬತ್ತಾರನೇ ಪುಟದಲ್ಲಿ ಒಂದು ದೋಣಿ ಬರುತ್ತದೆ. ದೋಣಿ ದಡಕ್ಕೆ ನಾಲ್ಕು ಮಾರು ದೂರವಿದ್ದಾಗ ಪುಸ್ತಕ ಮುಗಿದುಹೋಯಿತು, ಏಕೆಂದರೆ ಮುಂದಿನ ಹಾಳೆಗಳನ್ನು ಭಾವ ಕಿಟಕಿಯ ಸಂದಿಗೆ ತುರುಕಿದ್ದರು. ಅಲ್ಲಿಂದೀಚೆಗೆ ಪ್ರತಿ ಶನಿವಾರ ಮೀಟರಣ್ಣ ಬಡಾವಣೆಯ ಗ್ರಂಥಾಲಯಕ್ಕೆ ಹೋಗುತ್ತಿದ್ದ, ಬಾಗಿಲ ಬಳಿಯ ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಒತ್ತುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ.

"ಬಂತೇನ್ರೀ?"

"ಇಲ್ಲ ಕಣೇ. ಇನ್ನೂ ಯಾರೋ ಓದ್ತಾ ಇದಾರೆ."

"ಎರಡು ವರ್ಷದಿಂದ? ಆ ಪುಣ್ಯಾತ್ಮ ಅಕ್ಷರಕ್ಕೊಂದು ದಿನದ ಹಾಗೆ ಓದ್ತಾನಾ? ಅವನ ಕನ್ನಡಕ ಒಡೆದುಹೋಗ!"

ಮುಖ ಕಾಣದ ಆ ಓದುಗನನ್ನು ಅವಳು ನೂರು ಶನಿವಾರ ಶಪಿಸಿದ್ದಳು. ಕೌಂಟರಿನಲ್ಲಿ ಕೂತವರನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದರೆ, ಮೀಟರಣ್ಣ ಆ ಜಾತಿಯವನಲ್ಲ. ಗಾಜಿನ ಹಿಂದೆ ಅಂಕಿ ಕಾಣುತ್ತಿರುವಾಗ ಮನೆಯವರನ್ನು ಕರೆದು "ಎಷ್ಟು ನೀರು ಖರ್ಚು ಮಾಡಿದ್ರಿ?" ಎಂದು ಕೇಳುವುದು ಮೀಟರಿಗೆ ಮಾಡುವ ಅವಮಾನ.

ಆ ಕಂಪ್ಯೂಟರಿನ ಪರದೆಯ ವಿಷಯವನ್ನೂ ಹೇಳಿಬಿಡಬೇಕು. ಪುಸ್ತಕದ ಹೆಸರು ಒತ್ತಿದರೆ ಮೊದಲು ದಾಖಲೆ ಸಂಖ್ಯೆ ಬರುತ್ತಿತ್ತು, ಹದಿನಾಲ್ಕು ಅಂಕಿ. ನಂತರ ಪುಸ್ತಕದ ಎತ್ತರ ಸೆಂಟಿಮೀಟರಿನಲ್ಲಿ. ನಂತರ ರಟ್ಟಿನ ಬಗೆ, ಚಿತ್ರ ಉಂಟೋ ಇಲ್ಲವೋ, ದಾಖಲೆ ತುಂಬಿದವರ ಸಹಿ, ತಿದ್ದಿದವರ ಸಹಿ. ಕಟ್ಟಕಡೆಗೆ, ತಳದಲ್ಲಿ, "ಪ್ರತಿ: ಓದುಗರ ಬಳಿ ಇದೆ" ಎಂಬ ಸಾಲು. ಆ ಸಾಲಿನ ತುದಿಗೆ ಸಾಸಿವೆ ಕಾಳಿನಷ್ಟು ಒಂದು ತ್ರಿಕೋನ. ಗಾಜಿನ ಮೇಲೆ ನೊಣ ಕೂತು ಹೋದ ಗುರುತು ಅಂದುಕೊಂಡು ಮೀಟರಣ್ಣ ಅದನ್ನು ಹಲವು ಸಲ ತನ್ನ ಬಟ್ಟೆಯಿಂದ ಒರೆಸಿದ್ದ. ಹೋಗಿರಲಿಲ್ಲ.

ಒಂದು ಶನಿವಾರ ಒಳಗಿನ ಕೋಣೆಯಿಂದ ಕ್ಯಾಟಲಾಗ್ ಮೇಡಂ ಹೊರಗೆ ಬಂದರು. ಪುಸ್ತಕಗಳ ದಾಖಲೆ ನೋಡಿಕೊಳ್ಳುವವರು ಅವರು. ಮೆತ್ತಗಿನ ಮಾತು, ದಪ್ಪ ಕನ್ನಡಕ.

"ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ಸಾಮಾನ್ಯ ಓದುಗರು ಆರು ಜನ ಬೇಕಾಗಿದಾರೆ. ಈ ಕಂಪ್ಯೂಟರ್ ಮುಂದೆ ಕೂತು ಆರು ಪುಸ್ತಕ ಹುಡುಕಬೇಕು. ಹುಡುಕ್ತಾ ಮನಸ್ಸಿಗೆ ಏನು ಬರುತ್ತೋ ಅದನ್ನ ಬಾಯಿಬಿಟ್ಟು ಹೇಳಬೇಕು. ನಾನು ಪಕ್ಕದಲ್ಲಿ ಬರ್ಕೊಳ್ತೀನಿ. ಸಹಾಯ ಮಾತ್ರ ಮಾಡೋ ಹಾಗಿಲ್ಲ."

"ನನಗೆ ಪರೀಕ್ಷೆಯಾ ಮೇಡಂ?"

"ಅಯ್ಯೋ, ನಿಮಗಲ್ಲ. ಪರೀಕ್ಷೆ ಈ ಪರದೆಗೆ. ನೀವು ತಪ್ಪಿದರೆ ಅದು ಪರದೆಯ ತಪ್ಪು."

ಮೇಡಂ ಏಳು ವರ್ಷದಲ್ಲಿ ಏಳು ಪತ್ರ ಬರೆದಿದ್ದರು, ಈ ಪರದೆ ನೋಡಿ ಜನ ಇರುವ ಪುಸ್ತಕವನ್ನೂ ಇಲ್ಲ ಅಂದುಕೊಂಡು ವಾಪಸು ಹೋಗುತ್ತಿದ್ದಾರೆ ಎಂದು. ಪರದೆಗೆ ಒಪ್ಪಿಗೆ ಕೊಟ್ಟವರೇ ಮೇಲಿನ ಕಚೇರಿಯ ಸಾಹೇಬರು. ಅವರು ಏಳನೇ ಪತ್ರಕ್ಕೆ ಉತ್ತರ ಬರೆದರು: "ಸಾಬೀತುಪಡಿಸಿ. ಇಲ್ಲವಾದರೆ ಮುಂದಿನ ತಿಂಗಳು ಇದೇ ಪರದೆ ನಲವತ್ತೂ ಶಾಖೆಗಳಿಗೆ ಹೋಗುತ್ತದೆ, ಹತ್ತು ವರ್ಷ ಬದಲಾವಣೆಯಿಲ್ಲ." ಹೀಗಾಗಿ ಮೇಡಂಗೆ ಪ್ರಾಮಾಣಿಕವಾಗಿ ದಾರಿ ತಪ್ಪುವವರು ಆರು ಜನ ಬೇಕಾಗಿದ್ದರು. ಆರನೆಯವನನ್ನಾಗಿ ಮೀಟರಣ್ಣನನ್ನು ಆರಿಸುವಾಗ ಅವರಿಗೆ ಯಾವ ಅಳುಕೂ ಇರಲಿಲ್ಲ.

ಮೀಟರಣ್ಣ ಮನೆಗೆ ಬರುವ ಹೊತ್ತಿಗೆ ಸುದ್ದಿ ಸ್ವಲ್ಪ ಬೆಳೆದಿತ್ತು. "ಸಾವಿರಾರು ಓದುಗರಲ್ಲಿ ನನ್ನನ್ನ ಆರಿಸಿದಾರೆ. ಕಂಪ್ಯೂಟರಿನ ಪರೀಕ್ಷೆ" ಎಂದು ಬೀದಿಯುದ್ದಕ್ಕೂ ಹೇಳಿದ. ಸಂಜೆ ಹೆಡ್‌ಮೇಷ್ಟ್ರು ಗೇಟಿನ ಹತ್ತಿರ ತಡೆದರು.

"ಪರೀಕ್ಷೆ ಯಾರಿಗೆ?"

"ಪರದೆಗಂತೆ ಮೇಷ್ಟ್ರೇ."

"ಕುರ್ಚಿಲಿ ಕೂರೋದು ಯಾರು?"

"ನಾನು."

"ಪ್ರಶ್ನೆ ಕೇಳೋದು?"

"ಮೇಡಂ."

"ಬರ್ಕೊಳ್ಳೋದು?"

"ಮೇಡಂ."

ಮೇಷ್ಟ್ರು ಕರುಣೆಯಿಂದ ಅವನ ಭುಜ ಮುಟ್ಟಿದರು. "ಮೂವತ್ತೈದು ವರ್ಷ ಪರೀಕ್ಷೆ ನಡೆಸಿದೀನಯ್ಯಾ. ಕೂತವನಿಗೇ ಪರೀಕ್ಷೆ. ಮಕ್ಕಳಿಗೆ ಭಯ ಆಗಬಾರ್ದು ಅಂತ ನಾವೂ ಹಾಗೇ ಹೇಳ್ತಿದ್ವಿ."

ಮರುದಿನ ಇನ್ನೂ ಕೆಟ್ಟ ಸುದ್ದಿ ಬಂತು. ಬೀದಿ ಕೊನೆಯ ಕ್ಷೌರದಂಗಡಿಯವನು ಅದೇ ಕುರ್ಚಿಯಲ್ಲಿ ಕೂತು ಬಂದಿದ್ದ. ಆರಕ್ಕೆ ಆರೂ ಸಿಗಲಿಲ್ಲವಂತೆ. "ಕೋಳಿ ರೋಗದ ಪುಸ್ತಕ ಕೇಳಿದ್ರಪ್ಪ. ಹದಿನಾಲ್ಕು ಅಂಕಿ ಬಂತು. ಫೋನ್ ನಂಬರ್ ಅಂದ್ಕೊಂಡು ಅದಕ್ಕೆ ಫೋನ್ ಹಚ್ಚಿದೆ" ಎಂದು ಅವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಹೇಳಿದ. ಆರು ಪ್ರಶ್ನೆಗಳೂ ಅವನಿಗೆ ನೆನಪಿದ್ದವು. ಮೇಷ್ಟ್ರು ಅವನ್ನು ಬರೆದುಕೊಂಡರು.

ಬೀದಿಗೆಲ್ಲ ಹೇಳಿಕೊಂಡ ಮೇಲೆ ಮೀಟರಣ್ಣ ಫೇಲಾಗುವ ಹಾಗಿರಲಿಲ್ಲ. ಮೇಷ್ಟ್ರು ಎರಡು ದಿನ ಗ್ರಂಥಾಲಯದಲ್ಲಿ ಕೂತರು. ಕಪಾಟುಗಳ ಮಧ್ಯೆ ಮೂವತ್ತು ವರ್ಷ ಓಡಾಡಿದ ಅಟೆಂಡರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾವ ಪುಸ್ತಕಕ್ಕೆ ಯಾವ ಕೀಲಿ ಎಷ್ಟು ಸಲ ಒತ್ತಬೇಕೆಂದು ಎಣಿಸಿ ತಂದರು. ಕೋಳಿ ರೋಗಕ್ಕೆ ಎಡಗೈ ಕಿರುಬೆರಳಿನ ಕೀಲಿ ಏಳು ಸಲ, ಬಲಗೈ ದೊಡ್ಡ ಕೀಲಿ ಒಂದು ಸಲ; ಉತ್ತರ: ಮೂರು ಪ್ರತಿ, ಎರಡನೇ ಸಾಲು. ದೀಪಸ್ತಂಭಗಳ ಇತಿಹಾಸಕ್ಕೆ ಒಂಬತ್ತು ಸಲ. ಬೆನ್ನುನೋವಿನ ವ್ಯಾಯಾಮಕ್ಕೆ ಏಳು. ಮೋಡಗಳ ಗುರುತಿಗೆ ಹನ್ನೊಂದು. ಹಗ್ಗದ ಗಂಟುಗಳಿಗೆ ಎಂಟು. ಗಡಿಯಾರ ರಿಪೇರಿಗೆ ಹದಿಮೂರು.

"ಹದಿಮೂರು ಯಾಕೆ ಮೇಷ್ಟ್ರೇ?"

"ಯಾಕೆ ಅಂತ ಕೇಳಿದೋರು ನನ್ನ ಶಾಲೇಲಿ ಯಾರೂ ಪಾಸಾಗಿಲ್ಲ."

ಊಟದ ಮೇಜಿನ ಮೇಲೆ ಅಭ್ಯಾಸ ಶುರುವಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಗಂಡ ಕಣ್ಣು ಮುಚ್ಚಿ ಕಿರುಬೆರಳಿನಿಂದ ಮೇಜು ಕುಟ್ಟುತ್ತಿದ್ದ, ಮೇಷ್ಟ್ರು ಅಡಿಕೋಲು ಹಿಡಿದು ಎಣಿಸುತ್ತಿದ್ದರು.

"ಮನಸ್ಸಿಗೆ ಬಂದದ್ದನ್ನ ಹೇಳಬೇಕಂತಲ್ಲ ಮೇಷ್ಟ್ರೇ, ಅದಕ್ಕೇನು ಮಾಡೋದು?"

"ಅದನ್ನೂ ಬರೆದು ತಂದಿದೀನಿ. ಬಾಯಿಪಾಠ ಮಾಡು."

ಹೀಗೆ ಮೀಟರಣ್ಣನ ಮನಸ್ಸಿಗೆ ಬರಬೇಕಾದ ವಿಚಾರಗಳು ಮೂರು ದಿನ ಮೊದಲೇ ಹಾಳೆಯ ಮೇಲೆ ತಯಾರಾದವು.

ಪರೀಕ್ಷೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮನೆಯಿಂದ ಹೊರಡುವಾಗ ದೇವರಿಗೆ ಎರಡೆರಡು ಸಲ ಕೈಮುಗಿದು ಹೋದ. ಮೇಡಂ ಮೊದಲ ಪ್ರಶ್ನೆ ಕೇಳಿದರು. ಮೀಟರಣ್ಣ ಹೆಸರು ಒತ್ತಿ, ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದರೆ ಪಾಠ ಮರೆತುಹೋಗುತ್ತದೆ ಎಂಬುದು ಶಾಲೆಯಿಂದ ಬಂದ ಅನುಭವ.

"ಈಗ ನನ್ನ ಮನಸ್ಸಿನಲ್ಲಿ ಒಂದು ಕುತೂಹಲ ಮೂಡುತ್ತಿದೆ," ಎಂದು ಒಪ್ಪಿಸಿದ. "ಈ ಪರದೆಯು ಅತ್ಯಂತ ಸ್ಪಷ್ಟವಾಗಿದೆಯೆಂದು ನನಗೆ ತೋರುತ್ತದೆ." ಟಕ ಟಕ ಟಕ. "ಮೂರು ಪ್ರತಿಗಳಿವೆ. ಎರಡನೇ ಸಾಲು."

ಮೇಡಂ ಕೈಯ ಪೆನ್ಸಿಲ್ ನಿಂತಿತು. ಆರೂ ಪುಸ್ತಕ ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಮುಗಿದವು. ಅವನು ಕಣ್ಣು ತೆರೆದಾಗ ಮೇಡಂ ಕನ್ನಡಕ ತೆಗೆದು ಒರೆಸುತ್ತಿದ್ದರು. ಸಂತೋಷಕ್ಕೆ ಕಣ್ಣು ತುಂಬಿರಬೇಕು ಎಂದುಕೊಂಡ.

ಮನೆಯಲ್ಲಿ ಹೆಂಡತಿ ಕೇಳಿದಳು, "ಆರಕ್ಕಾರೂ ಹುಡುಕಿದ್ರಾ? ಹಾಗಾದ್ರೆ ನನ್ನ ದೋಣಿ ಪುಸ್ತಕ?"

"ಅದು ಸಿಲಬಸ್‌ನಲ್ಲಿ ಇರಲಿಲ್ಲ ಕಣೇ."

ವರದಿ ಸಾಹೇಬರಿಗೆ ಹೋಯಿತು. ಐದು ಜನ ಸೋತಿದ್ದಾರೆ, ಒಬ್ಬರು ಗೆದ್ದಿದ್ದಾರೆ. ಗೆದ್ದವರ ಹೆಸರಿನ ಮುಂದೆ ಪರೀಕ್ಷೆಗೆ ಮೊದಲೇ ಮೇಡಂ ತಮ್ಮ ಕೈಯಾರೆ ಬರೆದಿದ್ದರು: "ಬಹಳ ಬೇಗ ಗೊಂದಲಕ್ಕೆ ಬೀಳುವವರು." ಸಾಹೇಬರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಆದೇಶ ಬರೆದರು. ತಪ್ಪು ಆ ಐವರದು. ಪರದೆ ನಿರ್ದೋಷಿ. ಮುಂದಿನ ಬುಧವಾರ ತಾವೇ ಬಂದು ಅನುಮೋದನೆಗೆ ಸಹಿ ಹಾಕುವುದಾಗಿಯೂ, ಅಷ್ಟರೊಳಗೆ ಓದುಗರಿಗೆ ಧೈರ್ಯ ಬರುವಂತೆ ಗೆದ್ದವರ ಭಾವಚಿತ್ರವನ್ನು ಕಂಪ್ಯೂಟರಿನ ಮೇಲೆ ಅಂಟಿಸಬೇಕೆಂದೂ ತಿಳಿಸಿದರು.

ಭಾವಚಿತ್ರ ಬಂತು. ಕೆಳಗೆ ದಪ್ಪ ಅಕ್ಷರದಲ್ಲಿ: "ಇವರಿಗೆ ಆದರೆ ನಿಮಗೂ ಆಗುತ್ತದೆ."

ಮೀಟರಣ್ಣ ಬೀದಿಯವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ. ಹೆಂಡತಿ ಆ ಸಾಲನ್ನು ಎರಡು ಸಲ ಓದಿದಳು. "ಇದು ಹೊಗಳಿಕೆನೇ ಅಂತೀರಾ?"

"ಸರ್ಕಾರಿ ಗೋಂದು ಹಾಕಿ ಅಂಟಿಸಿದಾರೆ. ಸುಮ್ನೆ ಅಂಟಿಸ್ತಾರಾ?"

ಕಷ್ಟ ಶುರುವಾದದ್ದು ಆಮೇಲೆ. ಪುಸ್ತಕ ಸಿಗದವರು ಮೊದಲು ತಮ್ಮ ಹಣೆಬರಹವನ್ನು ಬೈದುಕೊಂಡು ಮನೆಗೆ ಹೋಗುತ್ತಿದ್ದರು. ಈಗ ನೇರವಾಗಿ ಮೀಟರಣ್ಣನ ಮನೆಗೆ ಬರತೊಡಗಿದರು. ಹೊಲಿಗೆಯವಳು ಬಂದಳು, ಬೇಕರಿಯವನು ಬಂದ, ದಂತವೈದ್ಯರು ಬಂದರು. "ನಿಮ್ಮಂಥೋರಿಗೇ ಆಗಿದ್ದು ನಮಗ್ಯಾಕೆ ಆಗ್ತಿಲ್ಲ?" ಎಂದು ಒಬ್ಬೊಬ್ಬರೂ ಕೇಳಿದರು. ಕ್ಷೌರದಂಗಡಿಯವನಂತೂ ಅರ್ಧ ಕತ್ತರಿಸಿದ ತಲೆ ಬಿಟ್ಟು ಎದ್ದು ಬಂದಿದ್ದ. "ನಾನು ಬುದ್ಧಿಯಿಲ್ಲದವನು ಅಂತ ಗಿರಾಕಿಗಳೆಲ್ಲ ನಗ್ತಾರೆ. ಎಲ್ಲಾ ನಿನ್ನ ಫೋಟೋದಿಂದ!"

ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಮೀಟರಣ್ಣನ ಸ್ವಭಾವವಲ್ಲ. ಅವನಿಗೆ ಗೊತ್ತಿದ್ದದ್ದು ಆರು ಪುಸ್ತಕ. ಆ ಆರನ್ನೇ ಎಲ್ಲರಿಗೂ ಹಂಚಿದ. ಅಡುಗೆ ಪುಸ್ತಕ ಕೇಳಿದ ಹೊಲಿಗೆಯವಳಿಗೆ ಕೋಳಿ ರೋಗ ಕೊಡಿಸಿದ. ಪ್ರೇಮಕಥೆ ಕೇಳಿದ ಬೇಕರಿಯವನಿಗೆ ದೀಪಸ್ತಂಭ. ದಂತವೈದ್ಯರಿಗೆ ಹಗ್ಗದ ಗಂಟು. ವಾರದೊಳಗೆ ಬಡಾವಣೆಯಲ್ಲಿ ಮೋಡದ ಹೆಸರು ಗೊತ್ತಿಲ್ಲದವರು ಯಾರೂ ಉಳಿಯಲಿಲ್ಲ.

ಮಂಗಳವಾರ ಮೀಟರು ಓದಲು ಹೋದ ಮನೆಗಳಲ್ಲಿ ಒಂದು ಕ್ಯಾಟಲಾಗ್ ಮೇಡಂದಾಗಿತ್ತು. ಅವನು ಮುಚ್ಚಳ ಎತ್ತಿ, ಗಾಜು ಒರೆಸಿ, ಅಂಕಿ ಬರೆದುಕೊಳ್ಳುವವರೆಗೂ ಅವರು ಮೆಟ್ಟಿಲ ಮೇಲೆ ನಿಂತು ನೋಡಿದರು.

"ಪ್ರತಿ ತಿಂಗಳೂ ಬಗ್ಗಿ ನೋಡ್ತೀರಲ್ಲ. ಅಂದಾಜಿಗೆ ಬರೆದರೆ ಯಾರಿಗೆ ಗೊತ್ತಾಗುತ್ತೆ?"

"ಮೀಟರಿಗೆ ಗೊತ್ತಾಗುತ್ತಲ್ಲ ಮೇಡಂ."

ಮೇಡಂ ತಲೆಯಾಡಿಸಿದರು. "ನಾಳೆ ಸಾಹೇಬರು ಬರ್ತಾರೆ. ನೀವೂ ಬನ್ನಿ. ಏಳು ವರ್ಷದ ಕೆಲಸ ನಾಳೆ ಮುಗಿಯುತ್ತೆ" ಅಂದು ಬಾಗಿಲು ಹಾಕಿಕೊಂಡರು. ಕೋಪವಿಲ್ಲದ ಆ ದನಿ ಅವನ ಬೆನ್ನಿಗೆ ಅಂಟಿಕೊಂಡು ಮನೆಯವರೆಗೂ ಬಂತು.

ಬುಧವಾರ ಬೆಳಿಗ್ಗೆ ಗ್ರಂಥಾಲಯ ತುಂಬಿತ್ತು. ಸಾಹೇಬರು ಎತ್ತರದ ಆಳು. ಜೇಬಿನಲ್ಲಿ ಸಹಿಯ ಪೆನ್ನು, ಕಂಕುಳಲ್ಲಿ ಅನುಮೋದನೆಯ ಕಡತ. ಮೀಟರಣ್ಣನನ್ನು ಭಾವಚಿತ್ರದ ಕೆಳಗೇ ಕೂರಿಸಿ, "ಹೋಲ್ತಾರೆ" ಎಂದು ಮೆಚ್ಚಿದರು. ಆಮೇಲೆ ಜನರ ಕಡೆ ತಿರುಗಿದರು.

"ಯಾರು ಬೇಕಾದ್ರೂ ಯಾವ ಪುಸ್ತಕ ಬೇಕಾದ್ರೂ ಕೇಳಿ. ಇವರು ಹುಡುಕಿ ತೋರಿಸ್ತಾರೆ. ಆಮೇಲೆ ಸಹಿ ಹಾಕ್ತೀನಿ."

ಹೆಡ್‌ಮೇಷ್ಟ್ರು ತಕ್ಷಣ "ಕೋಳಿ..." ಅಂದರು. ಆದರೆ ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಅವರನ್ನು ದಾಟಿಕೊಂಡು ಬಂತು. ಮೀಟರಣ್ಣನ ಹೆಂಡತಿ ಎದ್ದು ನಿಂತಿದ್ದಳು.

"ನನಗೆ ದೋಣಿಯ ಕಾದಂಬರಿ ಬೇಕು" ಎಂದು ಹೆಸರು ಹೇಳಿದಳು. "ಎರಡು ವರ್ಷದಿಂದ ಬೇಕು."

ಮೀಟರಣ್ಣ ಹೆಸರು ಒತ್ತಿದ. ಅಭ್ಯಾಸಬಲದಿಂದ ಕಣ್ಣು ಮುಚ್ಚಿದ. ಕಿರುಬೆರಳು ಎತ್ತಿದ. ಏಳೋ, ಒಂಬತ್ತೋ, ಹನ್ನೊಂದೋ? ಬೆರಳು ಗಾಳಿಯಲ್ಲೇ ನಿಂತಿತು. ಸಭೆಯೆಲ್ಲ ಆ ಬೆರಳನ್ನೇ ನೋಡುತ್ತಿತ್ತು. ಪಕ್ಕದಲ್ಲಿ ಮೇಡಂ ತುಟಿ ಕಚ್ಚಿಕೊಂಡು ಕೂತಿದ್ದರು. ಸಹಾಯ ಮಾಡುವ ಹಾಗಿರಲಿಲ್ಲ. ಮೀಟರಣ್ಣ ಬೆರಳು ಇಳಿಸಿ, ಕಣ್ಣು ತೆರೆದು, ಎದ್ದು ನಿಂತ.

"ಸಾಹೇಬ್ರೇ, ನಾನು ಅವತ್ತು ಮುಚ್ಚಳ ಎತ್ತಲಿಲ್ಲ."

"ಯಾವ ಮುಚ್ಚಳ?"

"ಪರದೆ ನೋಡದೆ ರೀಡಿಂಗ್ ಕೊಟ್ಟೆ. ಮನೇಲಿ ಕೂತು ಬಾಯಿಪಾಠ ಮಾಡಿ ಬಂದಿದ್ದೆ. ಪರದೆ ಚೆನ್ನಾಗಿದೆ ಅಂದದ್ದೂ ಬಾಯಿಪಾಠ. ಇಪ್ಪತ್ತಾರು ವರ್ಷದಲ್ಲಿ ಮಾಡದ ಪಾಪ ಈ ಕುರ್ಚಿಲಿ ಮಾಡಿದೆ. ಆ ರೀಡಿಂಗ್ ಹೊಡೆದುಹಾಕಿ. ನಾನು ಮತ್ತೆ ಓದ್ತೀನಿ."

ಹೆಡ್‌ಮೇಷ್ಟ್ರು ಮೋಡಗಳ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಸಾಹೇಬರ ಉತ್ತರಕ್ಕೆ ಕಾಯದೆ ಮೀಟರಣ್ಣ ಜೇಬಿನಿಂದ ಬಟ್ಟೆ ತೆಗೆದು, ಪರದೆ ಒರೆಸಿ, ಮೊಣಕಾಲೂರಿ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಕಂಡದ್ದನ್ನು ಕಂಡ ಹಾಗೆ ಓದಲು ಶುರು ಮಾಡಿದ.

"ದಾಖಲೆ ಸಂಖ್ಯೆ: ಸೊನ್ನೆ, ಸೊನ್ನೆ, ನಾಲ್ಕು, ಒಂದು, ಒಂದು, ಏಳು..." ಹದಿನಾಲ್ಕೂ ಓದಿದ. ಒಂದನ್ನೂ ಬಿಡಲಿಲ್ಲ. "ಎತ್ತರ: ಇಪ್ಪತ್ತೆರಡು ಸೆಂಟಿಮೀಟರ್. ಪುಸ್ತಕ ಇದೆಯೋ ಇಲ್ಲವೋ ಇನ್ನೂ ಹೇಳಿಲ್ಲ. ರಟ್ಟು: ಗಟ್ಟಿ. ಇದೆಯೋ ಇಲ್ಲವೋ ಇನ್ನೂ ಹೇಳಿಲ್ಲ. ಚಿತ್ರ: ಇಲ್ಲ. ತುಂಬಿದವರ ಸಹಿ. ತಿದ್ದಿದವರ ಸಹಿ. ತಿದ್ದಿದ್ದನ್ನು ನೋಡಿದವರ ಸಹಿ."

"ಮುಂದೆ, ಮುಂದೆ" ಅಂದರು ಸಾಹೇಬರು.

"ಬರ್ತಿದೀನಿ ಸ್ವಾಮಿ, ಇರೋದೆಲ್ಲ ಇಲ್ಲಿದೆ. ಕೊನೆ ಸಾಲು: ಪ್ರತಿ, ಓದುಗರ ಬಳಿ ಇದೆ. ಅಷ್ಟೇ. ಮೀಟರು ನಿಂತಿತು."

"ಅದೇನು ಅಷ್ಟೇ ಅನ್ನೋದು? ಆ ಕಡೆ ಸರೀರಿ" ಎಂದು ಸಾಹೇಬರು ತಾವೇ ಕುರ್ಚಿಯಲ್ಲಿ ಕೂತರು. ಒಂದು ಕೀಲಿ ಒತ್ತಿದರು. ಪುಸ್ತಕದ ಎತ್ತರ ಅಂಗುಲಕ್ಕೆ ಬದಲಾಯಿತು. ಇನ್ನೊಂದು ಒತ್ತಿದರು. ಪರದೆ ಖಾಲಿಯಾಯಿತು. ಮತ್ತೆ ಹೆಸರು ಒತ್ತಿದರು. ಮತ್ತೆ ಹದಿನಾಲ್ಕು ಅಂಕಿ. ಕ್ಷೌರದಂಗಡಿಯವನು ಮುಂದೆ ಬಂದು ಗಂಭೀರವಾಗಿ ಹೇಳಿದ, "ಅದಕ್ಕೆ ಫೋನ್ ಮಾಡ್ಬೇಡಿ ಸಾಹೇಬ್ರೇ. ಯಾರೂ ಎತ್ತಲ್ಲ."

ಅಷ್ಟರಲ್ಲಿ ಮೀಟರಣ್ಣನ ಹೆಂಡತಿ ಜನರನ್ನು ಸರಿಸಿಕೊಂಡು ಬಂದು ನಿಂತಿದ್ದಳು. "ಆ ಮೂಲೇಲಿ ಏನ್ರೀ ಅದು, ಚುಕ್ಕಿ?"

"ನೊಣದ್ದು ಕಣೇ. ಎರಡು ವರ್ಷದಿಂದ ಒರೆಸ್ತಿದೀನಿ, ಹೋಗಲ್ಲ."

"ಅಲ್ಲಿ ಒತ್ತಿ ನೋಡಿ ಸಾಹೇಬ್ರೇ."

ಸಾಹೇಬರು ಮೌಸಿನ ಬಾಣವನ್ನು ಅದರ ಮೇಲೆ ತಂದು ಒತ್ತಿದರು. ಪರದೆಯ ತಳದಿಂದ ನಾಲ್ಕು ಸಾಲುಗಳು ಒಂದರ ಹಿಂದೊಂದು ಮೇಲಕ್ಕೆ ಬಂದವು. ಎರಡನೇ ಪ್ರತಿ: ಕಪಾಟಿನಲ್ಲಿದೆ. ಮೂರನೇ ಪ್ರತಿ: ಕಪಾಟಿನಲ್ಲಿದೆ. ನಾಲ್ಕನೇದು, ಐದನೇದು: ಕಪಾಟಿನಲ್ಲಿವೆ. ಮೂರನೇ ಸಾಲು, ಬಾಗಿಲ ಬಳಿ.

ಎಲ್ಲರೂ ತಿರುಗಿ ನೋಡಿದರು. ಮೂರನೇ ಸಾಲು ಸಾಹೇಬರ ಕುರ್ಚಿಯ ಬೆನ್ನಿಗೇ ಇತ್ತು. ಅವಳು ಕೈಚಾಚಿ, ಸಾಹೇಬರ ತಲೆಯ ಮೇಲಿಂದ ಪುಸ್ತಕ ತೆಗೆದುಕೊಂಡಳು. ನೂರು ಶನಿವಾರ ಅವಳ ಗಂಡ ಅದಕ್ಕೆ ಬೆನ್ನು ಮಾಡಿಕೊಂಡು ನಿಂತು, ಅದು ಇಲ್ಲವೆಂದು ಓದಿಕೊಂಡು ಹೋಗಿದ್ದ.

"ನಾಲ್ಕು ಇದ್ದವು" ಎಂದಳು. ಬೈಯಲಿಲ್ಲ. ಬೈದಿದ್ದರೆ ಮೀಟರಣ್ಣನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಆಮೇಲೆ ಅವಳಿಗೆ ಹಳೆಯ ವೈರಿಯ ನೆನಪಾಯಿತು. "ಮೇಡಂ, ಆ ಮೊದಲನೇದು ಯಾರ ಹತ್ರ ಇದೆ? ಆ ಪುಣ್ಯಾತ್ಮನ ಮುಖ ಒಂದ್ಸಲ ನೋಡ್ಬೇಕು."

ಪರೀಕ್ಷೆ ಮುಗಿದಿತ್ತು, ಈಗ ಮೇಡಂ ಮಾತಾಡಬಹುದಿತ್ತು. ಆದರೆ ಅವರು ಸಾಹೇಬರ ಕಡೆ ನೋಡಿದರಷ್ಟೆ.

ಸಾಹೇಬರು ಕೆಮ್ಮಿದರು. "ಕೆಲಸ ಜಾಸ್ತಿ" ಅಂದರು. "ಅರ್ಧಕ್ಕಿಂತ ಜಾಸ್ತಿ ಆಗಿದೆ."

"ನೀವಾ!" ಎಂದಳು ಅವಳು. ನೂರು ಶನಿವಾರದ ಶಾಪಗಳೆಲ್ಲ ನಾಲಿಗೆ ತುದಿಗೆ ಬಂದು ಸಾಲಾಗಿ ನಿಂತವು. ಅವಳು ಸಾಹೇಬರ ಕನ್ನಡಕ ನೋಡಿದಳು. ಬಲಗಡೆಯ ಗಾಜು ಸಣ್ಣಗೆ ಬಿರುಕು ಬಿಟ್ಟಿತ್ತು. ಅವಳಿಗೆ ಒಂದು ಕ್ಷಣ ಭಯವಾಯಿತು, ಶಾಪಗಳನ್ನು ನುಂಗಿಕೊಂಡಳು.

ಸಾಹೇಬರು ಕಡತ ಬಿಚ್ಚಿದರು. ಅನುಮೋದನೆಯ ಹಾಳೆಗೆ ಅಡ್ಡ ಗೆರೆ ಎಳೆದರು. ಅದರ ಬೆನ್ನಿಗೆ ಬರೆದರು: ಪುಸ್ತಕ ಇದೆಯೇ, ಎಲ್ಲಿದೆ, ಎಷ್ಟಿವೆ, ಇಷ್ಟು ಮೊದಲ ಸಾಲಿನಲ್ಲಿ ಬರತಕ್ಕದ್ದು, ಸೆಂಟಿಮೀಟರು ಆಮೇಲೆ. ಸಹಿ ಹಾಕಿ ಮೇಡಂ ಕೈಗೆ ಕೊಟ್ಟರು. ಮೇಡಂ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಕೋಣೆಗೆ ಹೋದರು. ತುಸು ಹೊತ್ತಿಗೆ ಅಲ್ಲಿಂದ ಮೂಗು ಸೀಟಿದ ಸದ್ದು ಬಂತು.

ಸಾಹೇಬರು ಎದ್ದವರು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ಬಂದರು. ಮೀಟರಣ್ಣನ ಹೆಂಡತಿ ಆಗಲೇ ಬೆಂಚಿನ ಮೇಲೆ ಕೂತು ಇನ್ನೂರ ಎಂಬತ್ತೇಳನೇ ಪುಟ ತೆರೆದಿದ್ದಳು. ಸಾಹೇಬರು ದನಿ ತಗ್ಗಿಸಿ ಕೇಳಿದರು.

"ಅಮ್ಮಾ... ಆ ದೋಣಿಯಿಂದ ಅಣ್ಣ ಇಳೀತಾನಾ?"

ಅವಳು ತಲೆ ಎತ್ತಲಿಲ್ಲ. "ಮನೆಗೆ ಹೋಗಿ ಓದಿ ಸಾಹೇಬ್ರೇ. ಪ್ರತಿ ನಿಮ್ಮ ಹತ್ರಾನೇ ಇದೆಯಲ್ಲ."

ಮೀಟರಣ್ಣ ಮೆಲ್ಲಗೆ ಬಂದು ಬೆಂಚಿನ ತುದಿಯಲ್ಲಿ ಕೂತ. ಗೋಡೆಯ ಮೇಲೆ ಅವನ ಭಾವಚಿತ್ರ ಹಾಗೇ ಇತ್ತು. ಅಟೆಂಡರು ಕೀಳಲು ನೋಡಿ, ಸರ್ಕಾರಿ ಗೋಂದು ಬಿಡದೆ ಕೈಬಿಟ್ಟಿದ್ದ. ಹೆಂಡತಿ ಪುಟ ತಿರುಗಿಸಿದಳು. ಅವಳ ಮುಖದಲ್ಲಿ ಏನು ನಡೆಯುತ್ತಿದೆಯೆಂದು ಅವನು ಬಗ್ಗಿ ನೋಡಿದ. ಕಣ್ಣು ಒದ್ದೆಯಾಗಿತ್ತು, ತುಟಿ ನಗುತ್ತಿತ್ತು. ಕೇಳದೆಯೇ ಓದಿಕೊಳ್ಳಬಹುದಾದ ರೀಡಿಂಗ್ ಅದು.